‘ರುಚಿಗೆ ತಕ್ಕಷ್ಟು’ ಎಂದರೆ ಎಷ್ಟು ಗ್ರಾಂ?

ಮಾನ್ಯ ಸಂಪಾದಕರೇ,

ಯುಗಾದಿಯ ದಿನ ಬಂದ ನಿಮ್ಮ ಭಾನುವಾರದ ಪುರವಣಿಯಲ್ಲಿ, ಮಾಂಸಕ್ಕೆ ಹಚ್ಚುವ ಒಣ ಮಸಾಲೆ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ಪ್ರಕಟಿಸಿದ್ದಿರಿ. ಬರೆದವರಿಗೆ ಅಡುಗೆ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಜೀರಿಗೆಯನ್ನು ದನಿಯದ ಜೊತೆಗೆ ಹುರಿಯಬೇಡಿ, ಬೇಗ ಸೀಯುತ್ತದೆ ಎಂದು ಬರೆದಿದ್ದರು. ಒಲೆಯ ಮುಂದೆ ನಿಂತು ಒಮ್ಮೆಯಾದರೂ ಸೀಯಿಸಿದವರು ಮಾತ್ರ ಹೇಳುವ ಮಾತು ಅದು. ನನ್ನ ತಕರಾರು ಇರುವುದು ಸಾಮಾನಿನ ಪಟ್ಟಿಯ ಬಗ್ಗೆ. ಅರ್ಧ ಕೆ.ಜಿ. ಮಾಂಸಕ್ಕೆ ಖಾರದ ಪುಡಿ 2 ಚಮಚ, ದನಿಯ ಪುಡಿ 3 ಚಮಚ, ಕಾಳುಮೆಣಸಿನ ಪುಡಿ 1 ಚಮಚ ಎಂದು ಹೇಳುತ್ತಾ ಹೋಗಿ, ಕೊನೆಯ ಸಾಲಿನಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಮುಗಿಸಿದ್ದರು.

ಸಾರಿಗೆ ಆ ಮಾತು ಒಪ್ಪುತ್ತದೆ. ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಸಾಲದಿದ್ದರೆ ಇನ್ನೊಂದು ಚಿಟಿಕೆ ಹಾಕಬಹುದು. ಹಸಿ ಮಾಂಸಕ್ಕೆ ಪುಡಿ ಹಚ್ಚುವವರು ಏನನ್ನು ನೆಕ್ಕಿ ನೋಡಬೇಕು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ, ನಮ್ಮ ಮನೆಯಲ್ಲಿ ನಡೆದ ಸಂಗತಿ. ಈ ಸಲ ಯುಗಾದಿ ಭಾನುವಾರ ಬಂದು ಮಾರನೆಯ ದಿನದ ಮಾಂಸದೂಟದ ಹಬ್ಬವಾದ ಹೊಸತೊಡಕು ಸೋಮವಾರಕ್ಕೆ ಬಿದ್ದಿತು. ಸೋಮವಾರ ನಮ್ಮಲ್ಲಿ ಮಾಂಸ ಮಾಡುವುದಿಲ್ಲವಾದ್ದರಿಂದ ಊರಿನವರೆಲ್ಲ ಮಂಗಳವಾರಕ್ಕೆ ಇಟ್ಟುಕೊಂಡೆವು. ವರ್ಷವೆಲ್ಲ ಚೀಟಿ ಕಟ್ಟಿದವರು ಸೇರಿ ಮರಿಗಳನ್ನು ತಂದು ಕೊಯ್ದು, ತೊಡೆ, ಪಕ್ಕೆ, ಈಲಿ, ಬೋಟಿ ಎಲ್ಲವೂ ಎಲ್ಲರಿಗೂ ಸಮನಾಗಿ ಬರುವಂತೆ ಗುಡ್ಡೆ ಹಾಕಿದೆವು. ಬೆಂಗಳೂರಿನಿಂದ ಬಂದಿದ್ದ ನನ್ನ ಮಗಳು ನಮ್ಮ ಗುಡ್ಡೆಯಲ್ಲಿ ಅರ್ಧ ಕೆ.ಜಿ.ಯಷ್ಟು ಮೂಳೆಯಿಲ್ಲದ ತುಂಡನ್ನು ಐಸ್ ಹಾಕಿದ ಡಬ್ಬಿಯಲ್ಲಿಟ್ಟುಕೊಂಡು ಸಂಜೆಯ ರೈಲು ಹತ್ತಿದಳು. ನಿಮ್ಮ ಪುರವಣಿಯ ಆ ಪುಟದ ಫೋಟೊ ಅವಳ ಮೊಬೈಲಿನಲ್ಲಿತ್ತು.

ಬುಧವಾರ ರಾತ್ರಿ ಫೋನು ಬಂತು. “ಅಪ್ಪ, ಪುಡಿ ಹುರಿದೆ, ಕುಟ್ಟಿದೆ, ಉಪ್ಪನ್ನೂ ಬೆರೆಸಿ ನಾಲಿಗೆಗೆ ಹಚ್ಚಿ ನೋಡಿದೆ, ಸರಿಯಾಗಿತ್ತು. ಮಾಂಸ ಮಾತ್ರ ಸಪ್ಪೆ” ಎಂದಳು. ಆಗಲೇಬೇಕಲ್ಲ! ನಾಲಿಗೆ ರುಚಿ ನೋಡಿದ್ದು ಒಂದು ಹಿಡಿ ಪುಡಿಯನ್ನು. ಆ ಹಿಡಿ ಪುಡಿಯಲ್ಲಿರುವ ಉಪ್ಪು ಸಾಕಾಗಬೇಕಾದದ್ದು ಅರ್ಧ ಕೆ.ಜಿ. ಮಾಂಸಕ್ಕೆ. ಪುಡಿ ನಾಲಿಗೆಗೆ ಸರಿಯೆನಿಸಿತೆಂದರೆ ಮಾಂಸಕ್ಕೆ ಉಪ್ಪು ಸಾಲದು ಎಂದೇ ಅರ್ಥ. ಮುಂದಿನ ಭಾನುವಾರ ಪೇಟೆಯಿಂದ ಮಾಂಸ ತಂದು, ಹೋದ ಸಲದ ಸಪ್ಪೆಯನ್ನು ನೆನೆದು, ಅವಳು ಧಾರಾಳವಾಗಿ ಸುರಿದಳು. ಆ ದಿನದ ಊಟದ ಬಗ್ಗೆ ಅಳಿಯಂದಿರು ಒಂದು ಮಾತನ್ನೂ ಆಡಲಿಲ್ಲವಂತೆ. ಎರಡು ತಂಬಿಗೆ ನೀರು ಕುಡಿದರಂತೆ.

ನಾನು ಮದ್ದೂರು ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಮೂವತ್ತೊಂದು ವರ್ಷ ಹಾಲು ಪರೀಕ್ಷೆ ಮಾಡಿದವನು. 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಹಾಲಿನ ಕೊಬ್ಬನ್ನು (ಫ್ಯಾಟ್) ಅಳೆಯುವ ಗರ್ಬರ್ ಪರೀಕ್ಷೆಯ ಈ ಅಳತೆಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆ ಮುಕ್ಕಾಲು ಮಿಲಿ ಏಕೆ, ಹತ್ತೋ ಹನ್ನೊಂದೋ ಹಾಕಿದರೆ ಆಗುವುದಿಲ್ಲವೇ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಿದ್ದರು. ಹಾಕಿ ನೋಡಿ, ನಾಳೆ ಬೆಳಿಗ್ಗೆ ಕ್ಯಾನು ಹಿಡಿದು ಬರುವವರಿಗೆ ಫ್ಯಾಟ್ ಏಕೆ ಕಡಿಮೆ ಬಂತೆಂದು ನೀವೇ ಉತ್ತರ ಹೇಳಿ ಎನ್ನುತ್ತಿದ್ದೆ. ಆ ಅಭ್ಯಾಸ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. “ಇದು ಡೇರಿಯಲ್ಲ, ಅಡುಗೆಮನೆ. ತಕ್ಕಡಿ ತೆಗೆದುಕೊಂಡು ಆಚೆ ಹೋಗಿ” ಎಂದು ನನ್ನ ಹೆಂಡತಿ ಗದರುವುದುಂಟು.

ಹೋಗದೆ ಅಲ್ಲೇ ನಿಂತು ತೂಗಿದ್ದರ ಫಲವನ್ನು ಹೇಳುತ್ತೇನೆ. ನಮ್ಮ ಅಡುಗೆಮನೆಯಲ್ಲಿ ‘ಚಮಚ’ ಎಂದು ಕರೆಸಿಕೊಳ್ಳುವುದು ಮೂರಿವೆ. ಚಹಾ ಕಲಕುವುದು 5 ಮಿಲಿ ಹಿಡಿಯುತ್ತದೆ, ಉಪ್ಪಿಟ್ಟು ತಿನ್ನುವುದು 15 ಮಿಲಿ, ಮಸಾಲೆ ಡಬ್ಬಿಯ ಒಳಗಿನದು ಇವೆರಡರ ನಡುವೆ ಎಲ್ಲೋ ಇದೆ. ನಿಮ್ಮ ಲೇಖಕರು ಹೇಳಿದ ಎರಡು ಚಮಚ ಖಾರದ ಪುಡಿ ಯಾವ ಚಮಚದ್ದು? ಒಂದರಲ್ಲಿ ಹಾಕಿದರೆ ಊಟ, ಇನ್ನೊಂದರಲ್ಲಿ ಹಾಕಿದರೆ ಮೂರರಷ್ಟು ಖಾರ. ಅದರ ಮೇಲೆ ಚಮಚವೊಂದೇ ಇದ್ದರೂ ತೂಕ ಒಂದೇ ಅಲ್ಲ. ಚಹಾ ಚಮಚದ ತುಂಬ ಸಣ್ಣುಪ್ಪು 6 ಗ್ರಾಂ ತೂಗಿದರೆ, ಅದೇ ಚಮಚದ ದನಿಯ ಪುಡಿ 2 ಗ್ರಾಂ ಮುಟ್ಟಲು ಒದ್ದಾಡುತ್ತದೆ. ಕಲ್ಲುಪ್ಪಂತೂ ಹರಳುಗಳ ನಡುವೆ ಗಾಳಿ ತುಂಬಿಕೊಂಡು ಪ್ರತಿ ಸಲವೂ ಬೇರೆ ತೂಗುತ್ತದೆ. ಮೆಣಸಿನಕಾಯಿಯದು ಇನ್ನೊಂದು ಕತೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಕೊಡುತ್ತದೆ, ಗುಂಟೂರು ಖಾರಕ್ಕೆ ಹೆಸರಾದದ್ದು. ‘ಖಾರದ ಪುಡಿ’ ಎಂದಷ್ಟೇ ಬರೆದರೆ ಓದುವವರ ಡಬ್ಬಿಯಲ್ಲಿ ಯಾವುದಿದೆಯೋ ಅದಕ್ಕೆ ಅವರೇ ಹೊಣೆ.

ಹಿಂದಿನವರು ತೂಗುತ್ತಿದ್ದರೇ ಎಂದು ಕೆಲವರು ಕೇಳಬಹುದು. ತೂಗುತ್ತಿದ್ದರು, ತಕ್ಕಡಿ ಕಾಣಿಸುತ್ತಿರಲಿಲ್ಲ ಅಷ್ಟೇ. ನಮ್ಮ ಅವ್ವ ಹೊಸತೊಡಕಿನ ಮಾರನೆಯ ದಿನ ಮಿಕ್ಕ ಮಾಂಸದಲ್ಲಿ ಉಪ್ಪುಕಂಡ ಹಾಕುತ್ತಿದ್ದಳು. ಈಗಿನ ಮಕ್ಕಳಿಗೆ ಗೊತ್ತಿರಲಾರದು: ತೊಡೆಯ ಮಾಂಸದಿಂದ ಮೂಳೆಯನ್ನೂ ಕೊಬ್ಬನ್ನೂ ಬಿಡಿಸಿ, ಬೆರಳಿನ ದಪ್ಪಕ್ಕೆ ಉದ್ದುದ್ದ ಸೀಳಿ, ಪುಡಿ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುವುದು. ಹಗಲು ಬಿಸಿಲು, ರಾತ್ರಿ ಸೌದೆ ಒಲೆಯ ಮೇಲಿನ ಹೊಗೆ. ಕೊಬ್ಬು ಉಳಿದರೆ ಮುಂದೆ ಕಮಟು ವಾಸನೆ ಬರುತ್ತದೆ. ಕೋಲು ಹಿಡಿದು ಕಾಗೆ ಕಾಯುವುದು ನನ್ನ ಕೆಲಸವಾಗಿತ್ತು. ಬೆಕ್ಕನ್ನು ಕಾಯುವುದು ತಂಗಿಯ ಕೆಲಸ. ಅವಳು ಬೆಕ್ಕಿನ ಪಕ್ಷ ವಹಿಸುತ್ತಿದ್ದಳು. ಮಳೆಗಾಲ ಹಿಡಿದು ಹೊರಗೆ ಕಾಲಿಡಲಾಗದ ದಿನ ಆ ತುಂಡುಗಳನ್ನು ನೀರಿನಲ್ಲಿ ನೆನೆಸಿ ಜಜ್ಜಿ, ಹುರುಳಿಕಾಳಿನ ಜೊತೆಗೆ ಬೇಯಿಸಿದ ಸಾರಿಗೆ ಮುದ್ದೆ ಎಷ್ಟಿದ್ದರೂ ಸಾಲುತ್ತಿರಲಿಲ್ಲ.

ಅವ್ವ ದನಿಯವನ್ನು ಪಾವಿನಲ್ಲಿ, ಮೆಣಸನ್ನು ಚಟಾಕಿನಲ್ಲಿ ಅಳೆಯುತ್ತಿದ್ದಳು. ಉಪ್ಪನ್ನು ಮಾತ್ರ ಕೈಯಲ್ಲಿ: ಒಂದು ಕೆ.ಜಿ. ತುಂಡಿಗೆ ಒಂದು ಹಿಡಿ. ನಾನು ಸಂಘಕ್ಕೆ ಸೇರಿದ ಹೊಸತರಲ್ಲಿ, ಅಳತೆಯ ಹುಚ್ಚು ಹಿಡಿದಿದ್ದ ವಯಸ್ಸಿನಲ್ಲಿ, ತಕ್ಕಡಿ ಮನೆಗೆ ತಂದು ಅವಳ ಹಿಡಿಯನ್ನು ತೂಗಿದೆ. ಏಳು ಸಲ ತೆಗೆಸಿದೆ. ಕಡಿಮೆಯೆಂದರೆ 46 ಗ್ರಾಂ, ಹೆಚ್ಚೆಂದರೆ 49. ಎಂಟನೆಯ ಸಲ ಕೇಳಿದಾಗ ಉಪ್ಪನ್ನು ಜಾಡಿಗೆ ಸುರಿದು ಎದ್ದು ಹೋದಳು. ಅದೇ ಜಾಡಿಯಿಂದ ನಾನು ತೆಗೆದ ಹಿಡಿ 70 ಗ್ರಾಂ ಇತ್ತು. ಈಚೆಗೆ ಹೆಂಡತಿಯದನ್ನು ತೂಗಿದೆ, 55. ಮಗಳದು 40. ಅವ್ವನ ‘ತಕ್ಕಷ್ಟು’ ಎಂಬುದು ಸುಳ್ಳಲ್ಲ, ಆದರೆ ಆ ಅಳತೆಗೆ ಅವ್ವನ ಕೈಯೂ ಬೇಕು. ಅದು ಈಗ ಇಲ್ಲ.

ಉಪ್ಪುಕಂಡದಲ್ಲಿ ಆ ಒಂದು ಹಿಡಿ ಏಕೆ ಮುಖ್ಯ ಎನ್ನುವುದು ಲೆಕ್ಕ ಹಾಕಿದಾಗ ತಿಳಿಯಿತು. ಹಸಿ ಮಾಂಸದಲ್ಲಿ ಮುಕ್ಕಾಲು ಭಾಗದ ಹತ್ತಿರ ಹತ್ತಿರ ನೀರೇ ಇರುತ್ತದೆ. ಒಂದು ಕೆ.ಜಿ. ತುಂಡು ಚೆನ್ನಾಗಿ ಒಣಗಿದ ಮೇಲೆ ನನ್ನ ತಕ್ಕಡಿಯಲ್ಲಿ 350 ಗ್ರಾಂ ಆಸುಪಾಸು ನಿಲ್ಲುತ್ತದೆ. ನೀರು ಹೋಯಿತು, ಉಪ್ಪು ಹೋಗಲಿಲ್ಲ. ಹಚ್ಚುವಾಗ ನೂರಕ್ಕೆ ಐದರಷ್ಟಿದ್ದ ಉಪ್ಪು ಒಣಗಿದಾಗ ನೂರಕ್ಕೆ ಹದಿನಾಲ್ಕರಷ್ಟಾಗುತ್ತದೆ. ಮಾಂಸ ಕೆಡದಂತೆ ಹಿಡಿದಿಡುವುದು ಆ ಒಣಗುವಿಕೆಯೂ ಆ ಉಪ್ಪೂ ಸೇರಿಯೇ. ಸಾರಿಗೆ ಹಾಕುವ ಮುಂಚೆ ನೆನೆಸುವುದೂ ಅದಕ್ಕಾಗಿಯೇ. ನಾಲಿಗೆಗೆ ಹಿತವಾಗುವಷ್ಟು ಉಪ್ಪು ಹಚ್ಚಿ ಬಿಸಿಲಿಗೆ ಕಟ್ಟಿದರೆ ಎರಡನೆಯ ದಿನಕ್ಕೆ ನೊಣ, ಮೂರನೆಯ ದಿನಕ್ಕೆ ವಾಸನೆ. ಒಂದು ವರ್ಷ ನಾನೇ ವೈದ್ಯರ ಮಾತು ಕೇಳಿ, ರಕ್ತದೊತ್ತಡವೆಂದು ಉಪ್ಪನ್ನು ಅರ್ಧಕ್ಕೆ ಇಳಿಸಿ, ಎರಡು ಕೆ.ಜಿ. ತುಂಡನ್ನು ತಿಪ್ಪೆಗೆ ಹಾಕಿದ್ದೇನೆ. ವೈದ್ಯರು ಹೇಳಿದ್ದು ಉಪ್ಪು ಕಡಿಮೆ ತಿನ್ನಿ ಎಂದು, ಉಪ್ಪುಕಂಡಕ್ಕೆ ಕಡಿಮೆ ಹಾಕಿ ಎಂದಲ್ಲ. ನನಗೆ ಆ ವ್ಯತ್ಯಾಸ ಹೊಳೆಯಲಿಲ್ಲ.

ಇನ್ನು ಅದೇ ದಿನ ಬೇಯಿಸುವುದಕ್ಕೆ, ಹೆಂಚಿನ ಮೇಲೋ ಕೆಂಡದ ಮೇಲೋ ಸುಡುವುದಕ್ಕೆ ಅಷ್ಟು ಉಪ್ಪು ಬೇಡವೇ ಬೇಡ. ಮೂಳೆಯಿಲ್ಲದ ಒಂದು ಕೆ.ಜಿ. ಮಾಂಸಕ್ಕೆ 15 ಗ್ರಾಂ ಸಾಕು. ಮಗಳ ಅರ್ಧ ಕೆ.ಜಿ.ಗೆ ಏಳೂವರೆ ಗ್ರಾಂ. ಈ ಒಂದು ಅಂಕಿಯನ್ನು ನೀವು ಅಚ್ಚು ಹಾಕಿದ್ದರೆ ನಮ್ಮ ಅಳಿಯಂದಿರಿಗೆ ಒಂದು ತಂಬಿಗೆ ನೀರಿನಲ್ಲೇ ಊಟ ಮುಗಿಯುತ್ತಿತ್ತು.

ಲೇಖನದಲ್ಲಿ ಉಪ್ಪನ್ನೂ ಪುಡಿಗೇ ಬೆರೆಸಿ ಸೀಸೆಯಲ್ಲಿ ತುಂಬಿಡಿ ಎಂದಿತ್ತು. ದಯವಿಟ್ಟು ಬೇಡ. ಆಷಾಢದಲ್ಲಿ ಕಲ್ಲುಪ್ಪಿನ ಜಾಡಿಯ ಹೊರಮೈ ಬೆವರುವುದನ್ನು ಕಂಡವರು ಇದನ್ನು ಒಪ್ಪುತ್ತಾರೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಪುಡಿಯನ್ನು ಗಂಟು ಮಾಡುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಉಪ್ಪು ಮಾಂಸದ ಒಳಕ್ಕೆ ಇಳಿಯುತ್ತದೆ. ಖಾರ, ದನಿಯ, ಮೆಣಸು ಬಹುಪಾಲು ಮೇಲೆಯೇ ಕೂರುತ್ತವೆ. ರಾತ್ರಿಯೆಲ್ಲ ಪುಡಿ ಹಚ್ಚಿಟ್ಟ ತುಂಡನ್ನು ಬೇಯಿಸಿ ಕೊಯ್ದು ನೋಡಿ, ಕೆಂಪು ಹೊರಗಷ್ಟೇ ಇರುತ್ತದೆ, ಉಪ್ಪಿನ ರುಚಿ ನಡುವಿನವರೆಗೂ ಇರುತ್ತದೆ. ಹಾಗಾಗಿ ಉಪ್ಪು ಮಾಂಸದ ತೂಕವನ್ನು ನೋಡಿ ಬೀಳಬೇಕು, ಪುಡಿ ಮಾಂಸದ ಮೈಯನ್ನು ನೋಡಿ ಬೀಳಬೇಕು. ಒಂದೇ ಕೆ.ಜಿ.ಯನ್ನು ಬೆರಳಿನಂತೆ ಸೀಳಿದರೆ ಹಚ್ಚಲು ಮೈ ಹೆಚ್ಚು, ಎರಡು ದೊಡ್ಡ ತುಂಡು ಮಾಡಿದರೆ ಮೈ ಕಡಿಮೆ. ಎರಡನ್ನೂ ಒಂದೇ ಸೀಸೆಯಿಂದ ಸುರಿದರೆ ಒಂದರ ಲೆಕ್ಕ ತಪ್ಪಲೇಬೇಕು. ನಾನು ಮೊದಲು ಉಪ್ಪು ಹಚ್ಚಿ ಅರ್ಧ ಗಂಟೆ ಬಿಡುತ್ತೇನೆ. ಮೈಮೇಲೆ ನೀರು ಒಡೆಯುತ್ತದೆ. ಅದನ್ನು ಚೆಲ್ಲದೆ ಅದರ ಮೇಲೆಯೇ ಪುಡಿ ಉದುರಿಸಿ ತಿಕ್ಕಿದರೆ ಅಂಟಿಕೊಳ್ಳುತ್ತದೆ, ಎಣ್ಣೆಯ ಅಗತ್ಯವಿಲ್ಲ. ಆಮೇಲೆ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟರೆ ಆ ನೀರು ಉಪ್ಪಿನೊಂದಿಗೆ ಬಹುಪಾಲು ಒಳಕ್ಕೆ ಹೋಗಿರುತ್ತದೆ.

ತೂಕ ತೂಕ ಎಂದು ಇಷ್ಟು ಕೂಗಿದ ಮೇಲೆ ನಮ್ಮ ಮನೆಯ ಪುಡಿಯ ತೂಕ ಹೇಳದಿದ್ದರೆ ತಪ್ಪಾಗುತ್ತದೆ. ಉಪ್ಪುಕಂಡಕ್ಕೆ ಸೀಳಿದ ಒಂದು ಕೆ.ಜಿ. ಮಾಂಸಕ್ಕೆ ಬ್ಯಾಡಗಿ 30 ಗ್ರಾಂ, ಗುಂಟೂರು 10, ದನಿಯ 20, ಮೆಣಸು 10, ಜೀರಿಗೆ 5, ಅರಿಸಿನ 5. ಒಟ್ಟು 80 ಗ್ರಾಂ. ಮೆಣಸಿನಕಾಯಿಯದು ತೊಟ್ಟು ಮುರಿದ ಮೇಲಿನ ತೂಕ. ಅದನ್ನು ಹುರಿಯುವುದಿಲ್ಲ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ ಬಿಸಿಲಿನಲ್ಲಿ ಒಣಗಿಸುತ್ತೇವೆ. ದನಿಯ, ಮೆಣಸು, ಜೀರಿಗೆಯನ್ನು ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಪರಿಮಳ ಏಳುವವರೆಗೆ ಮಾತ್ರ ಹುರಿದು ಪೂರ್ತಿ ಆರಲು ಬಿಡುತ್ತೇವೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಮುಚ್ಚಳದ ಒಳಗೆ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಮಿಕ್ಸಿಯಲ್ಲಾದರೆ ತಡೆತಡೆದು ತಿರುಗಿಸಿ ತರಿತರಿಯಾಗಿ ನಿಲ್ಲಿಸಬೇಕು. ಸುಡುವ ಮಾಂಸಕ್ಕೆ ನುಣ್ಣಗಿನ ಪುಡಿ ಬೇಗ ಸೀದು ಕಹಿಯಾಗುತ್ತದೆ. ದೊಡ್ಡ ತುಂಡಾದರೆ ಇದೇ ಪುಡಿ ಅರ್ಧದಷ್ಟು ಸಾಕು.

ಅಂಗಡಿಯಲ್ಲಿ ಮಾರುವ ಮಸಾಲೆ ಪೊಟ್ಟಣದ ಮೇಲೆ ನಿವ್ವಳ ತೂಕ ಅಚ್ಚು ಹಾಕಲೇಬೇಕೆಂದು ಕಾನೂನಿದೆ. ಆ ಪೊಟ್ಟಣದ ಬದಲು ಮನೆಯಲ್ಲೇ ಪುಡಿ ಮಾಡಿ ಎಂದು ಹೇಳುವ ಪತ್ರಿಕೆಯಲ್ಲಿ ತೂಕವೇ ಇಲ್ಲ. ಮುಂದಿನ ಭಾನುವಾರದಿಂದ, ಮಾಂಸಕ್ಕೆ ಹಚ್ಚುವ ಪುಡಿಗಳ ಮಟ್ಟಿಗಾದರೂ, ಲೇಖಕರಿಂದ ಗ್ರಾಂ ಲೆಕ್ಕ ಕೇಳಿ ಪಡೆದು ಪ್ರಕಟಿಸಬೇಕೆಂದು ಕೋರುತ್ತೇನೆ. ಅವರ ಬಳಿ ತಕ್ಕಡಿ ಇಲ್ಲವೆಂದರೆ, ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಐನೂರು ರೂಪಾಯಿಯೊಳಗೆ ಸಿಗುತ್ತದೆ. ಮಗಳಿಗೆ ನಾನು ಈಗಾಗಲೇ ಒಂದನ್ನು ಕೊಡಿಸಿದ್ದೇನೆ.

ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಬೆಳ್ಳುಳ್ಳಿ ಎಷ್ಟು ಎಂದು ಬರೆದೇ ಇಲ್ಲವಲ್ಲ” ಎಂದಳು. ಬೆಳ್ಳುಳ್ಳಿ ಹಸಿಯಾದ್ದರಿಂದ ಪುಡಿಗೆ ಸೇರುವುದಿಲ್ಲ, ಹಚ್ಚುವ ಹೊತ್ತಿಗೆ ಉಪ್ಪಿನ ಜೊತೆ ಜಜ್ಜಿಕೊಳ್ಳಬೇಕು. ಎಷ್ಟು ಎಂದು ಅವಳನ್ನೇ ಕೇಳಿದೆ. “ಬೇಕಾದಷ್ಟು” ಎಂದಳು. ತೂಗಿದ್ದೇನೆ: ಸುಲಿದದ್ದು 25 ಗ್ರಾಂ.

ಇತಿ,
ನಿವೃತ್ತ ಹಾಲು ಪರೀಕ್ಷಕ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ