ಭಾನುವಾರದ ಮಾತುಕತೆಗೆ ಮಕ್ಕಳನ್ನೂ ಕರೆತನ್ನಿ

ಆತ್ಮೀಯ ಬೆಳೆಗಾರ ಬಂಧುಗಳೇ, ನಮಸ್ಕಾರ.

ಟಿವಿಯಲ್ಲಿ ವಾಣಿಜ್ಯ ಸುದ್ದಿ ನೀಡುವ ನಮ್ಮೂರಿನ ಹುಡುಗಿ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮನೆಗೆ ಬಂದಿದ್ದಾಳೆ. ಭಾನುವಾರ ಬೆಳಿಗ್ಗೆ 10.30ಕ್ಕೆ, ಗೋಣಿಕೊಪ್ಪಲಿನಲ್ಲಿ ನಾವು ಎಂದಿನಂತೆ ಸೇರುವ ಸಭಾಂಗಣದಲ್ಲಿ ತನ್ನ ವೃತ್ತಿಯ ಬಗ್ಗೆ ಮಾತನಾಡುತ್ತಾಳೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮಳೆಯಲ್ಲೇ ನಿಂತು ವರದಿ ಮಾಡಿದವಳು ಇವಳು. ಆಮೇಲೆ ಬೆಂಗಳೂರಿಗೆ ಹೋಗಿ ಮಾರುಕಟ್ಟೆ ವರದಿಗಾರಿಕೆ ಕಲಿತಳು. ಅದು ನಮಗೆ ಎಷ್ಟು ಬೇಕಾದ ವಿದ್ಯೆ ನೋಡಿ! ‘ಕಾಫಿ ಬೆಲೆ ಏರಿತು’ ಎಂದು ಪರದೆಯ ಮೇಲೆ ಬಂದರೆ, ಅರೇಬಿಕಾವೋ ರೊಬಸ್ಟಾವೋ, ಯಾವ ಬಗೆಯ ಕಾಫಿ ಎಂದು ಮೊದಲು ಕೇಳಬೇಕು. ಅರೇಬಿಕಾ ದರ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು ನಿಲ್ಲುತ್ತದೆ. ರೊಬಸ್ಟಾ ದರ ಲಂಡನ್‌ನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು. ಒಂದು ಪೌಂಡ್ ಸುಮಾರು 454 ಗ್ರಾಂ, ನಾವು ಮಾರುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ನಡುವೆ ರೂಪಾಯಿಯ ವಿನಿಮಯ ದರ ಬೇರೆ. ಇಷ್ಟನ್ನೂ ಒಂದೂವರೆ ನಿಮಿಷದಲ್ಲಿ, ತಪ್ಪಿಲ್ಲದೆ, ತಿಳಿಗನ್ನಡದಲ್ಲಿ ಹೇಳುವುದು ದೊಡ್ಡ ಕೆಲಸ ಎಂದೇ ನನ್ನ ನಂಬಿಕೆ.

ಕೊಯ್ಲಿನ ದಿನಗಳು, ಬಿಡುವು ಕಷ್ಟ. ಆದರೂ ಪಿಯುಸಿ, ಪದವಿ ಓದುವ ಮಕ್ಕಳನ್ನಾದರೂ ಕಳುಹಿಸಿ. ಪ್ರಶ್ನೆಗಳಿದ್ದರೆ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ.