ಪಟ್ಟಿ ಬರೆಯೋದು ಬಿಡು, ಹೂರಣ ರುಬ್ಬು

ಚಿರಂಜೀವಿ ಪುಟ್ಟನಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ದೊಡ್ಡಪ್ಪನ ಕೆಮ್ಮು ಶಿವರಾತ್ರಿ ಚಳಿಯ ಜೊತೆಗೇ ಹೋಯಿತು. ಈಗ ಬಿಸಿಲು ಶುರುವಾಗಿದೆ. ಹಿತ್ತಲ ಹೊಂಗೆ ಮರ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿತ್ತು. ನೋಡನೋಡುತ್ತಲೇ ಮತ್ತೆ ಮೈತುಂಬ ಚಿಗುರಿದೆ. ಮಾವಿನಲ್ಲಿ ಈ ಸಲ ಹೂವು ಜಾಸ್ತಿ ಇತ್ತು, ಮಿಡಿ ನಿಂತಿರುವುದು ಮಾತ್ರ ಕಮ್ಮಿ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಿದ್ದಾರೆ. ನಮ್ಮ ಸರದಿ ಬಂದಾಗ ನಿಮ್ಮ ದೊಡ್ಡಪ್ಪ ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ಆಗಲೇ ಉತ್ತರ ಹೇಳೋಣ ಅಂದುಕೊಂಡೆ. ಆದರೆ ನಾನು ಮಾತು ಶುರು ಮಾಡುವಷ್ಟರಲ್ಲಿ ನಿನಗೆ ಆಫೀಸಿನದು ಇನ್ನೊಂದು ಕರೆ ಬಂತು. ಅದಕ್ಕೇ ಈ ಕಾಗದ. ಕಾಗದಕ್ಕೆ ಬೇರೆ ಕರೆ ಬರುವುದಿಲ್ಲ, ಅಲ್ವಾ?

ಅದೇನೋ ಮೊಬೈಲಿನಲ್ಲಿ ಪ್ರತಿ ರಾತ್ರಿ ಮೂರು ವಿಷಯ ಬರೆಯುತ್ತೀಯಂತೆ. ಇವತ್ತು ಯಾವುದಕ್ಕೆ ಕೃತಜ್ಞ ಅಂತ. ಮೊದಲು ಚೆನ್ನಾಗಿತ್ತು, ಈಗ ದಿನಾ ಅದೇ ಮೂರು ಬರುತ್ತಿದೆ ಅಂದೆ. ಮನೆಯವರು, ಆರೋಗ್ಯ, ಕೆಲಸ. ಬರೆದರೂ ಒಳಗೆ ಏನೂ ಅನ್ನಿಸುವುದಿಲ್ಲ, ದೇವರ ಮುಂದೆ ನಿಂತರೂ ಅಷ್ಟೇ, ದೀಪ ಹಚ್ಚುವುದೂ ಸುಮ್ನೆ ಅಭ್ಯಾಸ ಅಂದೆ. ನೀನು ಇದನ್ನು ದೊಡ್ಡ ಕಾಯಿಲೆ ಅಂದುಕೊಂಡಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ ಕಣೋ. ಬರೆಯುವ ಪಟ್ಟಿಯಲ್ಲೇ ಒಂದು ತಪ್ಪಿದೆ. 'ಮನೆಯವರು' ಅಂತ ಬರೆದರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. ಯಾರು, ಏನು ಮಾಡಿದರು, ಎಷ್ಟು ಹೊತ್ತಿಗೆ ಎದ್ದು ಮಾಡಿದರು, ಅದನ್ನು ಬರಿ. ಬರೆಯೋಕೆ ಹೋದರೆ ನಿನಗೆ ಗೊತ್ತೇ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಅಲ್ಲಿಂದ ಶುರು ಮಾಡು.

ಹಬ್ಬ ಬರುತ್ತಿದೆಯಲ್ಲ, ಅದನ್ನೇ ತೆಗೆದುಕೋ. ಯುಗಾದಿ ದಿನ ಟಿವಿಯಲ್ಲಿ, ಫೋನಿನಲ್ಲಿ ಎಲ್ಲ ಕಡೆ ಬೇವು ಬೆಲ್ಲದ ವೇದಾಂತ ಬರುತ್ತದೆ. ಕಹಿ ಸಿಹಿ ಸಮ ಅಂತ. ನಾನು ಅದನ್ನು ಹೇಳುವುದಿಲ್ಲ. ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕೇಳುವುದು ಬೇರೆ. ಆ ಬೇವಿನ ಹೂವು ಕಿತ್ತವರು ಯಾರು? ಹೋದ ವರ್ಷ ಯುಗಾದಿ ದಿನ ನಿಮ್ಮಮ್ಮ ಬೆಳಕು ಹರಿಯುವ ಮುಂಚೆ ನಿಮ್ಮ ಬೀದಿ ಕೊನೆಯ ಬೇವಿನ ಮರದ ಹತ್ತಿರ ಹೋಗಿದ್ದಳು. ಕೊಂಬೆ ಎಟುಕದೆ, ಹಾಲು ಹಾಕುವ ಹುಡುಗನ ಕೈಲಿ ಬಗ್ಗಿಸಿಕೊಂಡು ಕಿತ್ತು ತಂದಳಂತೆ. ಆ ಹುಡುಗನಿಗೆ ಹೋಳಿಗೆ ಕೊಟ್ಟಳಂತೆ. ಇದು ನನಗೆ ಇಲ್ಲಿ ಕೂತು ಗೊತ್ತು. ಅದೇ ಮನೆಯಲ್ಲಿದ್ದ ನಿನಗೆ ಗೊತ್ತಿತ್ತಾ?

ಬೆಲ್ಲ ನಮ್ಮ ಕಡೆಯದು. ಆಲೆಮನೆಗೆ ನೀನು ಚಿಕ್ಕವನಾಗಿದ್ದಾಗ ಬಿಸಿ ಬೆಲ್ಲ ತಿನ್ನೋಕೆ ಓಡುತ್ತಿದ್ದೆ. ಕೊಪ್ಪರಿಗೆ ಪಕ್ಕ ನಿಂತು ಪಾಕ ತಿರುವುವವರನ್ನು ನೋಡಿದ್ದೀಯ. ಕೆಳಗೆ ಕಬ್ಬಿನ ಸಿಪ್ಪೆ ಉರಿ, ಮೇಲೆ ಹಬೆ. ಒಂದು ನಿಮಿಷ ತಡವಾದರೆ ಪಾಕ ಸೀದು ಬೆಲ್ಲ ಕಪ್ಪಾಗುತ್ತದೆ. ಹಾಗಾಗಿ ಅವರು ಆ ಕಡೆ ಈ ಕಡೆ ತಿರುಗುವ ಹಾಗಿಲ್ಲ. ಒಂದು ಚಮಚ ಬೇವು ಬೆಲ್ಲ ಬಾಯಿಗೆ ಬೀಳೋಕೆ ಇಷ್ಟು ಜನ ಬೇಕು. ನೀನು ದೇವರಿಗೆ ಕೈಮುಗಿಯುವಾಗ ಇವರೆಲ್ಲ ನೆನಪಾದರೆ ಸಾಕು, ಒಳಗೆ ಏನೋ ಅನ್ನಿಸಬೇಕು ಅಂತ ಕಾಯಬೇಕಾಗಿಲ್ಲ.

ಇನ್ನು ನನ್ನತ್ತೆಯ ವಿಷಯ. ಅವರನ್ನು ನೀನು ಕಂಡಿದ್ದೀಯ, ಮಾತು ಕಮ್ಮಿ, ಬಾಯಿ ಬಿಟ್ಟರೆ ಗದರಿಸುವುದೇ. ಆದರೆ ಯುಗಾದಿ ದಿನ ಎಣ್ಣೆ ನೀರು ಹಾಕಿಕೊಂಡು ಮೊದಲು ಹೋಗುತ್ತಿದ್ದದ್ದು ನಾಲೆ ಏರಿಗೆ. ಅರಿಶಿನ ಕುಂಕುಮ ಹಾಕಿ, ಒಂದು ಹಿಡಿ ಅಕ್ಕಿ ನೀರಿಗೆ ಬಿಟ್ಟು ಬರುತ್ತಿದ್ದರು. ಅವರು ಹುಟ್ಟಿದಾಗ ಇಲ್ಲಿ ನಾಲೆ ಇರಲಿಲ್ಲ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಅದೂ ಇಲ್ಲ. ಅನ್ನ ಹಬ್ಬಕ್ಕೆ ಮಾತ್ರ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು, ನಾಲೆ ನೀರು ಮಂಡ್ಯದ ಕಡೆ ಹರಿದದ್ದು 1930ರ ದಶಕದಲ್ಲಿ. ಇರ್ವಿನ್ ನಾಲೆ ಅನ್ನುತ್ತಿದ್ದರು ಹಳಬರು, ಈಗ ಅದೇ ವಿಶ್ವೇಶ್ವರಯ್ಯ ನಾಲೆ.

ಎಲ್ಲರೂ ಸರ್ ಎಂ.ವಿ. ಫೋಟೋಗೆ ಹಾರ ಹಾಕುತ್ತಾರೆ. ಹಾಕಲಿ, ನಾಲ್ವಡಿಯವರಿಗೂ ಹಾಕಲಿ. ನನ್ನತ್ತೆ ಮಾತ್ರ ಇನ್ನೊಂದು ಮಾತು ಹೇಳುತ್ತಿದ್ದರು. "ನಮ್ಮ ಗದ್ದೆಗೆ ನೀರು ಬರೋಕೆ ಇನ್ಯಾರದೋ ಊರು ಮುಳುಗ್ತು, ಅದ್ನ ಮರೀಬ್ಯಾಡಿ" ಅಂತ. ಅದು ನಿಜ. ಹಳೆ ಕನ್ನಂಬಾಡಿ ನೀರಿನಡಿಗೆ ಹೋಯಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿತು. ಹಿನ್ನೀರು ಇಳಿದಾಗ ಮಾತ್ರ ಕಾಣುತ್ತಿತ್ತು. ಆಮೇಲೆ ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಒಂದು ಸಲ ನಮ್ಮ ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಹೋಗು. ಬೃಂದಾವನದ ಕಾರಂಜಿ ಮಾತ್ರ ನೋಡಿ ವಾಪಸ್ ಬರಬೇಡಿ. ನಾವು ಎರಡು ಹೊತ್ತು ಅನ್ನ ಉಣ್ಣುವುದು ಯಾರ ಲೆಕ್ಕದಲ್ಲಿ ಅಂತ ಗೊತ್ತಿರಬೇಕು. ಓದೋಕೆ ಬರದ ಹೆಂಗಸು ನನ್ನತ್ತೆ. ಕೃತಜ್ಞತೆ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ತಿಳಿದವರನ್ನು ನಾನು ಕಂಡಿಲ್ಲ. ಅವರ ಗದರಿಕೆ ಬೇರೆ ವಿಷಯ.

ಊರಲ್ಲಿ ಯುಗಾದಿಗೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಈಗಲೂ ಹೂಡುತ್ತಾರೆ. ಪಂಚಾಂಗ ನೋಡಿ, ಈ ವರ್ಷ ಯಾರ ಹೆಸರಿಗೆ ಬರುತ್ತದೋ ಅವರ ಎತ್ತು ಮೊದಲು. ಎತ್ತು ಕಮ್ಮಿಯಾಗಿವೆ. ಕೆಲವರು ಟ್ರ್ಯಾಕ್ಟರಿಗೇ ಮಾವಿನ ಸೊಪ್ಪು ಕಟ್ಟಿಕೊಂಡು ಹಿಂದೆ ಬರುತ್ತಾರೆ. ನಿಮ್ಮ ದೊಡ್ಡಪ್ಪನಿಗೆ ಅದು ಕಂಡರೆ ಸಿಟ್ಟು. ನನಗೇನೂ ಇಲ್ಲ. ಉಳುವುದು ಯಾವುದೋ ಅದಕ್ಕೆ ಪೂಜೆ. ಟ್ರ್ಯಾಕ್ಟರ್ ಉಳುತ್ತದೆ ತಾನೆ?

ದೇವರ ವಿಷಯಕ್ಕೆ ಬರೋಣ. ನಂಬಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಅಂದೆ. ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ಓದಿದವಳಲ್ಲ ನಾನು. ಆದರೆ ಮೇಲುಕೋಟೆಯ ವೈರಮುಡಿ ಉತ್ಸವ ನೆನಪಿದೆಯಾ? ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ, ಕೆಲವು ವರ್ಷ ಮುಂಚೆ, ಕೆಲವು ವರ್ಷ ಆದ ಮೇಲೆ. ಆ ದಿನ ಮಂಡ್ಯದ ಖಜಾನೆಯಿಂದ ಕಿರೀಟದ ಪೆಟ್ಟಿಗೆ ಹೊರಡುತ್ತದೆ, ಪೊಲೀಸ್ ಕಾವಲಿನಲ್ಲಿ. ದಾರಿಯ ಊರೂರಲ್ಲೂ ಜನ ಬೆಳಿಗ್ಗೆಯೇ ರಸ್ತೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು ಕಾಯುತ್ತಾರೆ. ಗಾಡಿ ಬರುತ್ತದೆ, ನಿಲ್ಲುತ್ತದೆ, ಮಂಗಳಾರತಿ ಆಗುತ್ತದೆ, ಹೋಗುತ್ತದೆ. ಅವರು ನೋಡುವುದು ಮುಚ್ಚಿದ ಪೆಟ್ಟಿಗೆಯನ್ನು. ಒಳಗಿನ ಕಿರೀಟ ಕಾಣುವುದಿಲ್ಲ. ಹಗಲು ಬೆಳಕಿಗೆ ಅದನ್ನು ತೆರೆಯಬಾರದು ಅಂತ ನಂಬಿಕೆ. ರಾತ್ರಿ ಮೇಲುಕೋಟೆಯಲ್ಲಿ ಚೆಲುವನಾರಾಯಣನಿಗೆ ತೊಡಿಸಿ, ಗರುಡನ ಮೇಲೆ ಬೀದಿಗೆ ತರುತ್ತಾರೆ. ಅಷ್ಟು ದೂರ ಹೋಗಲಾಗದ ಮುದುಕಿಯರು ಪಾಂಡವಪುರದಲ್ಲೋ ಜಕ್ಕನಹಳ್ಳಿಯಲ್ಲೋ ಪೆಟ್ಟಿಗೆಗೆ ಕೈಮುಗಿದು ಮನೆಗೆ ಹೋಗಿ ಮುದ್ದೆ ತಿರುವುತ್ತಾರೆ. ಏನೂ ಕಾಣಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ನೀನು ಪೆಟ್ಟಿಗೆ ತೆರೆದು ತೋರಿಸಿ ಅನ್ನುತ್ತಿದ್ದೀಯ. ತಪ್ಪೇನಲ್ಲ, ವಯಸ್ಸೇ ಹಾಗೆ. ಆದರೆ ಅದು ತೆರೆಯುವವರೆಗೆ ರಸ್ತೆ ಗುಡಿಸು. ದೀಪ ಹಚ್ಚು. ಮನಸ್ಸು ಬಂದಾಗ ಹಚ್ಚುತ್ತೇನೆ ಅಂದರೆ ಎಣ್ಣೆ ಸೀಸೆಯಲ್ಲೇ ಉಳಿಯುತ್ತದೆ. ಸುಮ್ನೆ ಅಭ್ಯಾಸ ಅಂದೆಯಲ್ಲ, ನಿಮ್ಮಮ್ಮ ದಿನಾ ನಿನಗೆ ತಿಂಡಿ ಮಾಡುವುದೂ ಅಭ್ಯಾಸವೇ. ಅದರಲ್ಲಿ ಪ್ರೀತಿ ಇಲ್ಲ ಅಂತ ನೀನು ಅಂದುಕೊಳ್ಳುವುದಿಲ್ಲ ತಾನೆ?

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕೃತಜ್ಞತೆಯ ಹೆಸರಲ್ಲಿ ಯಾರ ಬಾಯಿಯನ್ನೂ ಮುಚ್ಚಿಸಬೇಡ. ನಮ್ಮ ಕಾಲದಲ್ಲಿ ಸೊಸೆಯಂದಿರಿಗೆ ಇದೇ ಔಷಧಿ. ಉಣ್ಣೋಕಿದೆ, ಉಡೋಕಿದೆ, ಇನ್ನೇನು ಬೇಕು, ಇರೋದರಲ್ಲಿ ತೃಪ್ತಿ ಪಡು. ಬೆಳಿಗ್ಗೆಯಿಂದ ರಾತ್ರಿ ತನಕ ದುಡಿದವಳಿಗೆ ಇದನ್ನು ಹೇಳುತ್ತಿದ್ದವರು ಜಗಲಿ ಮೇಲೆ ಕೂತವರು. ನಮ್ಮ ಸೊಸೆ ಆಫೀಸಿನಿಂದ ಬಂದು ಸುಸ್ತಾಗಿದೆ ಅಂದಾಗ, ನಮಗೆ ಎಷ್ಟೆಲ್ಲ ಇದೆ ನೋಡು ಅಂತ ನಿನ್ನ ಪಟ್ಟಿ ಓದಬೇಡ. ಎದ್ದು ಕುಕ್ಕರ್ ಇಡು. ಅವಳಿಗೆ ಆಗ ಬೇಕಾಗಿರುವುದು ಅದು.

ನಿಮ್ಮಮ್ಮನ ಬಗ್ಗೆಯೂ ಸ್ವಲ್ಪ. ಅವಳು ನನ್ನ ತಂಗಿ, ನನಗೆ ಗೊತ್ತು, ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಮಗು ನೋಡಿಕೊಳ್ಳೋಕೆ ಅಂತ ಊರು ಬಿಟ್ಟು ನಿಮ್ಮ ಮನೆಗೆ ಬಂದಳು. ಇಲ್ಲಿ ಅವಳಿಗೆ ಹಿತ್ತಲಿತ್ತು, ಮಾತಾಡೋಕೆ ಜನ ಇದ್ದರು. ಈ ಹೊತ್ತಿಗೆ ನಾವಿಬ್ಬರೂ ಹುಣಸೆಹಣ್ಣು ಬಿಡಿಸುತ್ತಾ ಕೂರುತ್ತಿದ್ದೆವು. ಸಿಪ್ಪೆ ಜಜ್ಜಿ, ನಾರು ತೆಗೆದು, ಬೀಜ ಬಿಡಿಸಿ, ಉಪ್ಪು ಸೇರಿಸಿ ಜಾಡಿಗೆ ತುಂಬುವಷ್ಟರಲ್ಲಿ ಊರಿನ ಅರ್ಧ ಸುದ್ದಿ ಮುಗಿಯುತ್ತಿತ್ತು. ಅಲ್ಲಿ ನಾಲ್ಕನೇ ಮಹಡಿಯಲ್ಲಿ ಅವಳು ಯಾರ ಜೊತೆ ಮಾತಾಡುತ್ತಾಳೆ? ಮೊಣಕಾಲು ಹಿಡಿದುಕೊಂಡೇ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಾಳೆ. ಅವಳ ನೋವು ಎಡಗಾಲಿನದೋ ಬಲಗಾಲಿನದೋ, ನಿನಗೆ ಗೊತ್ತಾ? ಮೊದಲು ಅದನ್ನು ಕೇಳಿ ತಿಳಿದುಕೋ.

ಈಗ ಯುಗಾದಿಗೆ ಕೆಲಸ ಹೇಳುತ್ತೇನೆ. ಹೋಳಿಗೆ ಮಾಡುವವರು ಬಿಸಿ ಹೋಳಿಗೆ ತಿನ್ನುವುದು ಅಪರೂಪ. ಮೊದಲನೆಯದು ದೇವರಿಗೆ, ಆಮೇಲೆ ಮಕ್ಕಳಿಗೆ, ಗಂಡಸರಿಗೆ, ಬಂದವರಿಗೆ. ಕೊನೆಗೆ ಹರಿದುಹೋದ ಎರಡು ಉಳಿಯುತ್ತವೆ, ಆರಿದ ಮೇಲೆ. ಈ ಸಲ ಹೂರಣ ನಿನ್ನದು. ಬೇಳೆ ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಕರಗಿಹೋಗಬಾರದು. ಕಟ್ಟು ಚೆಲ್ಲಿಬಿಟ್ಟೀಯ ಮತ್ತೆ! ಅದನ್ನು ಬಸಿದು ಇಟ್ಟುಕೋ, ಸಾರಿಗೆ ಬೇಕು. ಬೆಲ್ಲ ಹಾಕಿದ ಮೇಲೆ ತಳ ಹಿಡಿಯದ ಹಾಗೆ ಕೈ ಬಿಡದೆ ತಿರುವು. ನೀರು ಪೂರ್ತಿ ಇಂಗಿದ ಮೇಲೆ ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬು. ತೆಳ್ಳಗಾದರೆ ಮತ್ತೆ ಒಲೆ ಮೇಲಿಟ್ಟು ಗಟ್ಟಿ ಮಾಡು, ಗಾಬರಿಯಾಗಬೇಡ. ಕಣಕವನ್ನು ನಮ್ಮ ಸೊಸೆ ಎಣ್ಣೆ ಹಾಕಿ ನಾದಿ ನೆನೆಯಲು ಬಿಡಲಿ. ತಟ್ಟುವುದು ಮಾತ್ರ ನಿಮ್ಮಮ್ಮನಿಗೇ ಬಿಡು, ಅದು ನಿನ್ನಿಂದ ಆಗುವ ಮಾತಲ್ಲ. ದೇವರ ಎಡೆ ಆದ ತಕ್ಷಣ ಹೆಂಚಿನಿಂದ ಇಳಿದ ಹೋಳಿಗೆಗೆ ತುಪ್ಪ ಹಾಕಿ, ಅವರಿಬ್ಬರನ್ನೂ ಕೂರಿಸಿ ಮೊದಲು ಬಡಿಸು. ನಿಮ್ಮಮ್ಮ ಬೇಡ ಬೇಡ ಅನ್ನುತ್ತಾಳೆ. ಕೇಳಬೇಡ. ಸಂಜೆ ಚಂದ್ರನನ್ನು ನೋಡಿ ಕಾಲಿಗೆ ಬೀಳುವಾಗ ಬೇರೇನೂ ಹೇಳಬೇಕಾಗಿಲ್ಲ.

ಮಾರನೇ ದಿನ ಹೊಸತೊಡಕು. ಮಟನ್ ಅಂಗಡಿಯ ಸಾಲಿನಲ್ಲಿ ನಿಲ್ಲುವುದು ಹೇಗೂ ನೀನೇ, ಅದರಲ್ಲಿ ಹೇಳುವಂಥದ್ದೇನಿಲ್ಲ. ಪಾತ್ರೆ ತೊಳೆಯುವುದನ್ನೂ ಸೇರಿಸಿಕೋ.

ವೈರಮುಡಿಗೆ ನಿಮ್ಮಮ್ಮನನ್ನು ಕರೆದುಕೊಂಡು ಬಾ. ಆ ರಾತ್ರಿಯ ನೂಕುನುಗ್ಗಲಿಗೆ ಅವಳ ಮೊಣಕಾಲು ಬೇಡ. ಜಕ್ಕನಹಳ್ಳಿಯಲ್ಲಿ ಪೆಟ್ಟಿಗೆಗೆ ಕೈಮುಗಿದು ಇಲ್ಲಿಗೆ ಬರಲಿ, ಒಂದು ವಾರ ಇರಲಿ. ಆ ಒಂದು ವಾರ ಮಗುವನ್ನು ನೀವಿಬ್ಬರೂ ರಜ ಹಂಚಿಕೊಂಡು ನೋಡಿಕೊಳ್ಳಿ. ಆಗುವುದಿಲ್ಲ ಅನ್ನಬೇಡ. ನಿಮ್ಮ ಆಫೀಸಿನವರು ರಜ ಕೊಡುತ್ತಾರೆ, ಕೇಳುವುದಕ್ಕೆ ನಿನಗೆ ಮುಜುಗರ ಅಷ್ಟೆ. ನಾನು ಮಾವಿನ ಮಿಡಿ ತೆಗೆಸಿಟ್ಟಿರುತ್ತೇನೆ, ಇಬ್ಬರೂ ಸೇರಿ ಉಪ್ಪಿನಕಾಯಿ ಹಾಕುತ್ತೇವೆ.

ಬಸ್ಸಿನಲ್ಲಿ ಬರುವವರೊಬ್ಬರ ಕೈಲಿ ಹುಣಸೆಹಣ್ಣು, ಹೊಸ ಬೆಲ್ಲ, ಸಾರಿನ ಪುಡಿ ಕಳಿಸಿದ್ದೇನೆ. ಹುಣಸೆಹಣ್ಣಲ್ಲಿ ಅರ್ಧ ಕೆಳಗಿನ ಮನೆಯವರಿಗೆ ಕೊಡು, ಹೋದ ತಿಂಗಳು ಮಗುವಿಗೆ ಜ್ವರ ಬಂದಾಗ ಅವರೇ ಅಲ್ವಾ ಗಾಡಿ ತೆಗೆದದ್ದು. ಸ್ಟೀಲ್ ಡಬ್ಬಿಗಳು ಎರಡಿವೆ, ದೊಡ್ಡದು ನಮ್ಮದಲ್ಲ, ಪಕ್ಕದ ಮನೆಯದು. ನಿಮ್ಮಮ್ಮ ಬರುವಾಗ ಮರೆಯದೆ ಕಳಿಸು.

ಇತಿ,
ನಿನ್ನ ದೊಡ್ಡಮ್ಮ