ಶಿವಮೊಗ್ಗದ ಮನೆಯ ಪತ್ರ

ತೀರ್ಥಹಳ್ಳಿ
ಆಷಾಢ, ಭಾನುವಾರ

ಚಿರಂಜೀವಿ ಸಿಂಚನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ನಿನ್ನ ಅಪ್ಪ ಮಳೆಯಲ್ಲಿ ನೆನೆದುಕೊಂಡೇ ಬಂದ. ಮೈ ಒರೆಸಿಕೊಳ್ಳುವ ಮೊದಲೇ ಪ್ಲಾಸ್ಟಿಕ್ ಚೀಲ ಬಿಚ್ಚಿ ಶಿವಮೊಗ್ಗದ ಮನೆಯ ಪತ್ರಗಳನ್ನು ನನ್ನ ಮುಂದಿಟ್ಟು, "ಅಣ್ಣ, ನೀನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವನು. ಇದರ ಮೇಲೆ ನಲವತ್ತು ಲಕ್ಷ ಹುಟ್ಟುತ್ತದೆಯೇ ನೋಡು" ಎಂದ. ಮಗಳು ಹೊರದೇಶದಲ್ಲಿ ಏನು ಓದುತ್ತಾಳೆ ಎಂದು ಕೇಳಿದೆ. "ಎಂ.ಎಸ್ಸಿ. ಅಂತೆ" ಎಂದನೇ ಹೊರತು ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ತಿಳಿಯಲಿಲ್ಲ. ಚೀಲದಲ್ಲಿ ಯಾವುದೋ ಸಲಹಾ ಕಚೇರಿಯವರು ಕೊಟ್ಟ ಐದು ಕಾಲೇಜುಗಳ ಪಟ್ಟಿಯೂ ಇತ್ತು. ಒಂದೊಂದನ್ನೂ ಕೂತು ಓದಿದೆ. ಐದರಲ್ಲಿ ಒಂದರಲ್ಲೂ ನೀನು ಓದಬೇಕೆಂದಿರುವ ಸಸ್ಯರೋಗಶಾಸ್ತ್ರವಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಅದಕ್ಕೇ ಈ ಪತ್ರ.

ನೀನು ಹೋಗಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ದೊಡ್ಡಪ್ಪ ಬೇಡವೆನ್ನುತ್ತಿದ್ದಾನೆ ಎಂದು ನಿನಗೆ ಅನ್ನಿಸಬಾರದು. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಘಟ್ಟ ಇಳಿದು ಓದಲು ಹೋದದ್ದೇ ನಿನ್ನ ಅತ್ತೆಯ ಕಾಲದಲ್ಲಿ. ನೀನು ಸಮುದ್ರ ದಾಟಿದರೆ ನನಗಿಂತ ಹೆಚ್ಚು ಸಂತೋಷಪಡುವವರು ಯಾರೂ ಇಲ್ಲ. ಆದರೆ ಆ ಪಟ್ಟಿ ಹಿಡಿದುಕೊಂಡು ನೀನು ಹೋಗಬಾರದು, ಆ ಮನೆಯನ್ನು ಅಡವಿಟ್ಟೂ ಹೋಗಬಾರದು.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಮ್ಯಾನೇಜರ್ ಆಗಿದ್ದಾಗ ಒಬ್ಬ ರೈತ ತನ್ನ ಮಗನ ವಿದೇಶದ ಓದಿಗೆಂದು ಸಾಲ ಕೇಳಿಕೊಂಡು ಬಂದಿದ್ದ. ಕೃಷಿ ಜಮೀನನ್ನು ಇಂಥ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಭದ್ರತೆಯಾಗಿ ಒಪ್ಪುವುದಿಲ್ಲ. ಹಾಗಾಗಿ ಅವನೂ ಪೇಟೆಯಲ್ಲಿದ್ದ ಮನೆಯ ಪತ್ರವನ್ನೇ ತಂದಿದ್ದ. ಋಣಭಾರ ಪತ್ರ, ಮೌಲ್ಯಮಾಪನ, ವಕೀಲರ ಅಭಿಪ್ರಾಯ, ಎಲ್ಲವನ್ನೂ ಒಂದಕ್ಕೆರಡು ಬಾರಿ ನೋಡಿ ರುಜು ಹಾಕಿದೆ. ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಏನು ಓದಲು ಹೋಗುತ್ತಿದ್ದೀಯ, ಅಲ್ಲಿ ಅದನ್ನು ಕಲಿಸುವವರು ಯಾರು ಎಂದು ಮಾತ್ರ ಕೇಳಲಿಲ್ಲ. ಅವನು ಸೇರಿದ್ದು ಹೆಸರಿಗೊಂದು ಕಾಲೇಜು. ಓದು ಮುಗಿದ ಮೇಲೆ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ತಂದೆ ಪ್ರತಿ ತಿಂಗಳೂ ಬ್ಯಾಂಕಿಗೆ ಬಂದು ನನ್ನ ಮೇಜಿನ ಎದುರು ನಿಲ್ಲುತ್ತಿದ್ದ. ಮನೆ ಉಳಿಸಿಕೊಳ್ಳಲು ಕೊನೆಗೆ ಎರಡು ಎಕರೆ ತೋಟ ಮಾರಿದ. ಆ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟದ್ದಕ್ಕೆ ನಾನು ಇಂದಿಗೂ ನೊಂದುಕೊಳ್ಳುತ್ತೇನೆ.

ನಿನ್ನ ಅಪ್ಪನಿಗೆ ಲೆಕ್ಕವನ್ನು ಬಿಡಿಸಿ ಹೇಳಿದೆ, ನೀನೂ ತಿಳಿದುಕೊಂಡಿರು. ನಲವತ್ತು ಲಕ್ಷ ಸಾಲವನ್ನು ಶೇಕಡಾ 10.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಬೇಕೆಂದರೆ ತಿಂಗಳ ಕಂತು ಸುಮಾರು 54,000 ರೂಪಾಯಿ. ಓದುವ ಅವಧಿಗೂ ಅದರ ಮೇಲೆ ಒಂದು ವರ್ಷಕ್ಕೂ ಸಾಮಾನ್ಯವಾಗಿ ಕಂತಿಗೆ ಬಿಡುವು ಕೊಡುತ್ತಾರೆ. ಆದರೆ ಬಡ್ಡಿಗೆ ಬಿಡುವಿಲ್ಲ, ಅದು ಬೆಳೆಯುತ್ತಲೇ ಇರುತ್ತದೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದ ಮೇಲೆ ನಿಮ್ಮ ಮನೆಯ ಒಲೆ ಉರಿಯುತ್ತಿರುವುದೇ ಶಿವಮೊಗ್ಗದ ಮನೆಯ ಬಾಡಿಗೆಯಿಂದ. ನಿನ್ನ ಅಪ್ಪ ಇದನ್ನು ನಿನಗೆ ಎಂದೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಸಲಹಾ ಕಚೇರಿಯವರು ನಿನಗೇಕೆ ಆ ಐದು ಕಾಲೇಜುಗಳನ್ನೇ ತೋರಿಸಿದರು? ಇಂಥ ಕಚೇರಿಗಳಿಗೆ ಬಹುಮಟ್ಟಿಗೆ ಹಣ ಬರುವುದು ವಿದ್ಯಾರ್ಥಿಯನ್ನು ಸೇರಿಸಿಕೊಂಡ ಕಾಲೇಜು ಕೊಡುವ ಕಮಿಷನ್‌ನಿಂದ. ವಿದ್ಯಾರ್ಥಿಯಿಂದ ಶುಲ್ಕವನ್ನೇ ಕೇಳದ ವಿಶ್ವವಿದ್ಯಾಲಯ ಕಮಿಷನ್ ಎಲ್ಲಿಂದ ಕೊಡುತ್ತದೆ? ಆದ್ದರಿಂದ ಅದರ ಹೆಸರು ಅವರ ಬಾಯಲ್ಲಿ ಬರುವುದಿಲ್ಲ. ಶುಲ್ಕ ಕೇಳದ ವಿಶ್ವವಿದ್ಯಾಲಯಗಳು ನಿಜವಾಗಿಯೂ ಇವೆ, ಸಿಂಚನಾ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೂ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಮಾತ್ರ. ಇದಕ್ಕೆ ಹೊರತಾದವೂ ಇವೆ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಕೃಷಿ ಓದಿಗೆ ಹೆಸರಾದ ಹೋಹೆನ್‌ಹೈಮ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. ಗಾಟಿಂಗೆನ್ ವಿಶ್ವವಿದ್ಯಾಲಯ ಇರುವುದು ಬೇರೆ ರಾಜ್ಯದಲ್ಲಿ, ಅಲ್ಲಿ ಬೆಳೆ ಸಂರಕ್ಷಣೆಯಲ್ಲಿಯೇ ಇಂಗ್ಲಿಷಿನಲ್ಲಿ ಓದುವ ಸ್ನಾತಕೋತ್ತರ ಪದವಿ ಇದೆ.

ಗಾಟಿಂಗೆನ್ ಎಂಬ ಹೆಸರನ್ನು ನೆನಪಿಟ್ಟುಕೋ. ಈ ವಾರ ಮಳೆ ಹೊಳವು ಕೊಟ್ಟಾಗ ನಿಮ್ಮ ತೋಟದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡ ಮರದ ತುದಿಯಲ್ಲಿ ನಿಂತು ಕೊನೆಗಳಿಗೆ, ಅಂದರೆ ಅಡಿಕೆಯ ಗೊಂಚಲುಗಳಿಗೆ, ಹೊಡೆದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಮದ್ದೆಂದು ನಮ್ಮ ಸೀಮೆಯಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದಲ್ಲಿ ಹುಟ್ಟಿ, ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಬೋರ್ಡೋ ದ್ರಾವಣವೆಂಬ ಈ ಮದ್ದಾದರೂ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ್ದು. ಅದಕ್ಕೂ ಮೊದಲು ನಮ್ಮ ಹಿರಿಯರು ಒಂದೊಂದು ಕೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಒಂದು ದೇಶದ ದ್ರಾಕ್ಷಿಯ ಮದ್ದು, ಇನ್ನೊಂದು ದೇಶದಲ್ಲಿ ಕಲಿತ ವಿದ್ಯೆ, ಎರಡೂ ಸೇರಿ ನಿನ್ನ ಅಜ್ಜನ ತೋಟ ಉಳಿಸಿದವು. ಎಲೆಚುಕ್ಕಿಗೆ ಅಂಥ ಮದ್ದು ಹುಡುಕಬೇಕೆಂದು ಹೋದ ವರ್ಷ ಇದೇ ಜಗಲಿಯಲ್ಲಿ ಕೂತು ನೀನು ಹೇಳಿದ ಮಾತನ್ನು ನಾನು ಮರೆತಿಲ್ಲ. ನಿನ್ನ ಓದಿನ ಆರಂಭ ಆ ಮಾತು. ಎಲೆಚುಕ್ಕಿ ತರುವ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವ ಗುರು ಎಲ್ಲಿದ್ದಾರೆಂದು ಮೊದಲು ಹುಡುಕು. ಅವರಿರುವ ದೇಶವೇ ನಿನ್ನ ದೇಶ.

ಶುಲ್ಕವಿಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದು ತಿಳಿಯಬೇಡ. ಜರ್ಮನಿಯ ವೀಸಾಕ್ಕೆ ಮೊದಲು ವರ್ಷದ ಜೀವನವೆಚ್ಚವಾಗಿ 11,904 ಯೂರೋ ನಿನ್ನ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಯೂರೋ ನೂರು ರೂಪಾಯಿ ಎಂದರೂ ಹನ್ನೆರಡು ಲಕ್ಷ. ಅದು ನಿನ್ನದೇ ಹಣ, ತಿಂಗಳಿಗೆ 992 ಯೂರೋದಂತೆ ನಿನಗೇ ಬಿಟ್ಟುಕೊಡುತ್ತಾರೆ. ಎರಡನೆಯ ವರ್ಷಕ್ಕೂ ಹಣದ ಆಧಾರ ತೋರಿಸಬೇಕು. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅಲ್ಲಿ ಅವಕಾಶವಿದೆ, ಆದರೆ ಮೊದಲ ಸೆಮಿಸ್ಟರಿನಲ್ಲಿ ಅದನ್ನು ನಂಬಿಕೊಳ್ಳಬೇಡ. ಪ್ರಯಾಣವೂ ಸೇರಿ ಹದಿನಾಲ್ಕು ಲಕ್ಷ ಸಾಲ ಮಾಡಿದರೂ ಅದೇ ಬಡ್ಡಿ, ಅದೇ ಅವಧಿಗೆ ಕಂತು 19,000 ದಾಟುವುದಿಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳು ಅಲ್ಲಿರಲು ಬಿಡುತ್ತಾರೆ. ಈ ಸಾಲಕ್ಕೆ ನಾನು ಜಾಮೀನು ನಿಲ್ಲುತ್ತೇನೆ. ನಿನ್ನ ದೊಡ್ಡಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಸಾಲವೇ ಬೇಡದ ದಾರಿಯೂ ಒಂದಿದೆ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಎಂಬ ಜಂಟಿ ಸ್ನಾತಕೋತ್ತರ ಪದವಿಗಳಿಗೆ ಆಯ್ಕೆಯಾಗಿ ವಿದ್ಯಾರ್ಥಿವೇತನವೂ ದೊರೆತರೆ ಶುಲ್ಕವನ್ನು ಅವರೇ ಭರಿಸಿ ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಕಡಿಮೆಯೆಂದರೂ ಎರಡು ದೇಶಗಳಲ್ಲಿ ಓದುತ್ತೀಯ. ಪ್ರತಿವರ್ಷ ಈ ವಿದ್ಯಾರ್ಥಿವೇತನ ಪಡೆಯುವವರಲ್ಲಿ ನಮ್ಮ ದೇಶದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಅರ್ಜಿ ಹಾಕಬೇಕು. ಸ್ಪರ್ಧೆ ಬಿಗಿ, ಆದರೆ ಹಾಕದಿದ್ದರೆ ಸಿಗುವ ಮಾತೇ ಇಲ್ಲವಲ್ಲ.

ನಿನ್ನ ಹಾಸ್ಟೆಲ್ ಕೋಣೆಯ ಗೆಳತಿಯ ವಿಷಯ ನೀನು ಕಳೆದ ಸಲ ಹೇಳಿದ್ದೆ. ತಂದೆ ಕೂಲಿ, ಅವಳೇ ತರಗತಿಗೆ ಮೊದಲಿಗಳು, "ನಮಗೆಲ್ಲ ಅದು ಎಲ್ಲಿಯ ಮಾತು" ಎನ್ನುತ್ತಾಳೆ ಎಂದಿದ್ದೆ. ಅವಳಿಗೆ ಇದನ್ನು ಓದಿ ಹೇಳು. ಪರಿಶಿಷ್ಟ ಜಾತಿಯವರಿಗೆ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕುಟುಂಬದ ವರಮಾನ ಎಂಟು ಲಕ್ಷದೊಳಗಿರಬೇಕು, ಒಂದು ಪಾಲು ಹೆಣ್ಣುಮಕ್ಕಳಿಗೇ ಮೀಸಲು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಬೇರೆ ಇದೆ. ಅವಳಿಗೆ ಕೊರತೆಯಾಗಿರುವುದು ಅಂಕವಲ್ಲ, ಸಮಯಕ್ಕೆ ಸರಿಯಾಗಿ ಯಾರಾದರೂ ಹೇಳುವುದು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಈಗಲೇ ಮಾಡಿಸಿಡಲಿ. ನಾಡಕಚೇರಿಗೆ ಜೊತೆಯಾಗಿ ಬರುವವರು ಬೇಕಿದ್ದರೆ ನಾನು ಬರುತ್ತೇನೆ.

ಇನ್ನು ನಿನ್ನ ತಯಾರಿ. 2022ರ ನವೆಂಬರಿನಿಂದ ಜರ್ಮನಿಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಎಪಿಎಸ್, ಅಂದರೆ ದೆಹಲಿಯ ಜರ್ಮನ್ ರಾಯಭಾರ ಕಚೇರಿಯ ಶೈಕ್ಷಣಿಕ ಪರಿಶೀಲನಾ ಕೇಂದ್ರ, ಕೊಡುವ ಪ್ರಮಾಣಪತ್ರ ಕಡ್ಡಾಯ. ಅಂಕಪಟ್ಟಿಗಳು ಸಾಚಾ ಎಂದು ಅವರು ಪರಿಶೀಲಿಸಲು ಸಮಯ ಹಿಡಿಯುತ್ತದೆ, ಕೊನೆಯ ಗಳಿಗೆಗೆ ಇಟ್ಟುಕೊಳ್ಳಬೇಡ. ಜರ್ಮನ್ ಭಾಷೆಯನ್ನು ಈ ವರ್ಷವೇ ಶುರುಮಾಡು. ಪಾಠ ಇಂಗ್ಲಿಷಿನಲ್ಲಿರಬಹುದು, ಆದರೆ ಹೊಲದಲ್ಲಿ ನಿಂತ ರೈತ ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ, ಅಲ್ಲಾದರೂ ಇಲ್ಲಾದರೂ. ಕೃಷಿ ಪದವಿಯ ಅಂತಿಮ ವರ್ಷದ ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗೆ ಕಳುಹಿಸಿದಾಗ ಅನೇಕರು ಅದನ್ನು ರಜೆಯೆಂದೇ ಕಳೆಯುತ್ತಾರಂತೆ. ನೀನು ಒಂದು ನೋಟ್‌ಬುಕ್ ಇಟ್ಟುಕೊಂಡು ಯಾವ ತೋಟದಲ್ಲಿ ಯಾವ ತಿಂಗಳು ಚುಕ್ಕಿ ಕಾಣಿಸಿತು, ಎಷ್ಟು ಮಳೆ ಬಿದ್ದಿತ್ತು, ಅವರು ಏನು ಸಿಂಪಡಿಸಿದರು ಎಂದು ಬರೆದಿಡು. ಅರ್ಜಿಯ ಜೊತೆ ಕಳುಹಿಸುವ ಉದ್ದೇಶಪತ್ರಕ್ಕೆ ಆ ನೋಟ್‌ಬುಕ್ಕೇ ಜೀವ. ಸಲಹಾ ಕಚೇರಿಯವರು ಬರೆದುಕೊಡುವ ಸಿದ್ಧಪತ್ರಕ್ಕೆ ನಿನ್ನ ಹೆಸರು ಹಾಕಬೇಡ. ಶಿಫಾರಸು ಪತ್ರವನ್ನು ನೀನೇ ಬರೆದು ತಾ, ಸಹಿ ಹಾಕುತ್ತೇನೆ ಎನ್ನುವ ಮೇಷ್ಟರೂ ಇರುತ್ತಾರೆ. ಅವರಿಗೆ ನಮಸ್ಕಾರ ಹೇಳಿ, ಪ್ರಯೋಗಾಲಯದಲ್ಲಿ ನಿನ್ನ ಕೆಲಸವನ್ನು ಕಣ್ಣಾರೆ ಕಂಡವರ ಬಳಿ ಹೋಗು.

ಮುಂದಿನ ವರ್ಷವೇ ಸಿಗದಿದ್ದರೆ ಅಳಬೇಡ. ಯಾವುದಾದರೂ ಸಂಶೋಧನಾ ಕೇಂದ್ರದಲ್ಲಿ ಒಂದು ವರ್ಷ ಯೋಜನಾ ಸಹಾಯಕಿಯಾಗಿ ದುಡಿ, ಮತ್ತೆ ಅರ್ಜಿ ಹಾಕು. ಊರಿನವರು ಇನ್ನೂ ಹೋಗಲಿಲ್ಲವೇ ಎಂದು ಕೇಳಿದರೆ ಉತ್ತರಿಸಲು ನಾನಿದ್ದೇನೆ.

ಚಳಿ, ಅಡಿಗೆ, ಒಂಟಿತನ ಇವುಗಳ ಬಗ್ಗೆ ನಿನ್ನ ಅಮ್ಮ ಬೇಕಾದಷ್ಟು ಹೇಳುತ್ತಾಳೆ. ನಾನು ಹೇಳುವುದು ಒಂದೇ: ಅಲ್ಲಿ ಕಷ್ಟವಾದಾಗ ಮುಚ್ಚಿಡಬೇಡ. ಸಾಲ ಮಾಡಿ ಕಳುಹಿಸಿದ್ದಾರೆ ಎಂದು ನೋವನ್ನು ನುಂಗಿಕೊಂಡು ಕೂರುವ ಮಕ್ಕಳನ್ನು ನೋಡಿದ್ದೇನೆ. ಹಣದ ಲೆಕ್ಕ ನಮ್ಮ ಪಾಲಿನದು, ಅದನ್ನು ನಿನ್ನ ಎದೆಯ ಮೇಲೆ ಹೊತ್ತುಕೊಳ್ಳಬೇಡ.

ಮನೆಯ ಪತ್ರಗಳನ್ನು ನಿನ್ನ ಅಪ್ಪನಿಗೆ ವಾಪಸು ಕೊಟ್ಟಿಲ್ಲ, ನನ್ನ ಬೀರುವಿನಲ್ಲಿವೆ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬಾ, ನಿನ್ನ ಗೆಳತಿಯನ್ನೂ ಕರೆದುಕೊಂಡು ಬಾ. ಆರು ಸೆಮಿಸ್ಟರಿನ ಅಂಕಪಟ್ಟಿಗಳು, ನೀನು ಓದಬೇಕೆಂದಿರುವ ಮೂವರು ಗುರುಗಳ ಹೆಸರು, ಅವರು ಏನು ಬರೆದಿದ್ದಾರೆಂಬ ನಾಲ್ಕು ಸಾಲು, ಇಷ್ಟು ನಿನ್ನ ಕೈಯಲ್ಲಿರಲಿ. ದೊಡ್ಡಮ್ಮ ಕೊಟ್ಟೆ ಕಡುಬು ಮಾಡುತ್ತಾಳಂತೆ.

ಇಂತಿ,
ನಿನ್ನ ದೊಡ್ಡಪ್ಪ